‘ವೆಂಟ್’ ಬಲ್ಲ ಮಗು ‘ಗೋಡ್’ ಅನ್ನುವುದೇಕೆ?

ಇಂಗ್ಲಿಷ್ ಮನೆಮಾತಿನ ಮಗುವೊಂದು ಎರಡು ವರ್ಷ ದಾಟುವ ಹೊತ್ತಿಗೆ ‘ಡ್ಯಾಡಿ ವೆಂಟ್’ ಅನ್ನುತ್ತದೆ. ಸರಿಯಾಗಿಯೇ ಅನ್ನುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದು, ಮೂರರ ಆಸುಪಾಸಿನಲ್ಲಿ ಒಂದು ದಿನ ಅದೇ ಮಗು ‘ಡ್ಯಾಡಿ ಗೋಡ್’ ಅಂದುಬಿಡುತ್ತದೆ. ‘ಗೋ’ಗೆ ‘ಎಡ್’ ಅಂಟಿಸಿದ ಈ ರೂಪವನ್ನು ಅಪ್ಪ ಅಂದಿಲ್ಲ, ಅಮ್ಮ ಅಂದಿಲ್ಲ, ಟಿವಿಯಲ್ಲಿ ಯಾರೂ ಅಂದಿಲ್ಲ. ಕೇಳಿದ್ದನ್ನು ಗಿಣಿಯಂತೆ ಒಪ್ಪಿಸುವುದೇ ಭಾಷೆ ಕಲಿಯುವ ದಾರಿಯಾಗಿದ್ದರೆ ಈ ಪದ ಮಗುವಿನ ಬಾಯಿಗೆ ಬರಲು ಸಾಧ್ಯವೇ ಇರಲಿಲ್ಲ.

ಮಗು ಹಿಂದಕ್ಕೆ ಜಾರಿತು ಅಂತ ತಂದೆತಾಯಿ ಕಳವಳಪಡುತ್ತಾರೆ. ಇಂಗ್ಲಿಷ್ ಮೀಡಿಯಂ ಶಾಲೆಗೆ ಮಕ್ಕಳನ್ನು ಕಳಿಸುವ ನಮ್ಮ ಮನೆಗಳಲ್ಲೂ ‘ಈಟೆಡ್’, ‘ಬ್ರಿಂಗ್ಡ್’, ‘ಮೌಸಸ್’ ಕೇಳಿ ಇದೇ ಕಳವಳ. ಆದರೆ ಆ ದಿನ ನಡೆದಿರುವುದು ಜಾರಿಕೆಯಲ್ಲ. ಅಲ್ಲಿಯವರೆಗೆ ಮಗುವಿಗೆ ‘ವೆಂಟ್’ ಅನ್ನುವುದು ‘ಹಾಲು’, ‘ಬೆಕ್ಕು’ ಇದ್ದ ಹಾಗೆ ಒಂದು ಬಿಡಿ ಪದವಾಗಿತ್ತು. ಈಗ ಅದಕ್ಕೆ ಕಳೆದುಹೋದ ಕಾಲವನ್ನು ಹೇಳುವ ನಿಯಮವೊಂದು ಸಿಕ್ಕಿದೆ. ಯಾರೂ ಕಲಿಸದ ನಿಯಮ. ಸಿಕ್ಕ ಖುಷಿಯಲ್ಲಿ ಅದನ್ನು ಎಲ್ಲ ಕಡೆಗೂ ಹಚ್ಚುತ್ತಿದೆ.

ಮಕ್ಕಳಿಗೆ ನಿಜಕ್ಕೂ ನಿಯಮ ಗೊತ್ತಿದೆಯೇ ಅಂತ ಪರೀಕ್ಷಿಸುವ ಅತ್ಯಂತ ಸರಳ ಉಪಾಯವನ್ನು 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಹೂಡಿದರು. ಹಕ್ಕಿಯಂಥ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರ ತೋರಿಸಿ ‘ಇದು ವಗ್’ ಅನ್ನುವುದು. ಆಮೇಲೆ ಎರಡು ಪ್ರಾಣಿಗಳ ಚಿತ್ರ ತೋರಿಸಿ ‘ಈಗ ಎರಡಿವೆ, ಎರಡು...’ ಅಂತ ನಿಲ್ಲಿಸುವುದು. ಮಕ್ಕಳು ‘ವಗ್ಸ್’ ಅಂದರು, ಅದೂ ಕೊನೆಯಲ್ಲಿ ‘ಸ್’ಗಿಂತ ‘ಜ಼್’ಗೆ ಹತ್ತಿರದ ಸರಿಯಾದ ಸದ್ದಿನೊಂದಿಗೆ. ಲೋಕದಲ್ಲಿಲ್ಲದ ಪದವಾದ್ದರಿಂದ ಅದರ ಬಹುವಚನವನ್ನು ಅವರು ಮುಂಚೆ ಕೇಳಿರಲು ಸಾಧ್ಯವಿಲ್ಲ. ಕ್ರಿಯಾಪದಗಳಿಗೂ ಹೀಗೆಯೇ: ಈ ಮನುಷ್ಯ ‘ರಿಕ್’ ಮಾಡುತ್ತಿದ್ದಾನೆ, ನಿನ್ನೆಯೂ ಅದನ್ನೇ ಮಾಡಿದ, ನಿನ್ನೆ ಅವನು... ‘ರಿಕ್ಟ್’.

ಆ ಪರೀಕ್ಷೆಯ ಎರಡು ಫಲಿತಾಂಶಗಳ ಬಳಿ ಸ್ವಲ್ಪ ನಿಲ್ಲಬೇಕು. ಒಂದು, ‘ಗ್ಲಾಸಸ್’ ಅಂತ ಸಲೀಸಾಗಿ ಹೇಳುವ ಮಕ್ಕಳೇ ‘ಟಾಸ್’ ಎಂಬ ಸುಳ್ಳುಪದದ ಬಹುವಚನಕ್ಕೆ ತಡವರಿಸಿದರು. ಅಂದರೆ ‘ಗ್ಲಾಸಸ್’ ಅವರ ತಲೆಯಲ್ಲಿ ಇಡಿಯಾಗಿ ಕೂತಿತ್ತು, ಆ ನಿಯಮ ಇನ್ನೂ ಬಲಿತಿರಲಿಲ್ಲ. ಎರಡು, ‘ಗ್ಲಿಂಗ್’ ಎಂಬ ಕ್ರಿಯಾಪದ ಕೊಟ್ಟಾಗ ಹೆಚ್ಚಿನ ಮಕ್ಕಳು ‘ಗ್ಲಿಂಗ್ಡ್’ ಅಂದರೆ, ದೊಡ್ಡವರಲ್ಲಿ ಬಹಳ ಜನ ‘ಗ್ಲ್ಯಾಂಗ್’ ಅಂದರು. ‘ಸಿಂಗ್–ಸ್ಯಾಂಗ್’, ‘ರಿಂಗ್–ರ್‍ಯಾಂಗ್’ ಅವರ ಕಿವಿಯಲ್ಲಿ ಒಂದು ಜಾಡು ಮೂಡಿಸಿತ್ತು.

‘ಗೋಡ್’ ಘಟ್ಟದಲ್ಲಿ ಮಗು ಎಲ್ಲ ಪದಗಳನ್ನೂ ಕೆಡಿಸುತ್ತದೆ ಅನ್ನುವ ನಂಬಿಕೆ ಬಹಳ ಕಾಲ ಇತ್ತು. 1992ರಲ್ಲಿ ಗ್ಯಾರಿ ಮಾರ್ಕಸ್, ಸ್ಟೀವನ್ ಪಿಂಕರ್ ಮತ್ತು ಸಂಗಡಿಗರು 83 ಮಕ್ಕಳ ಮಾತಿನಿಂದ ‘ಗೋ’ದಂತೆ ‘ಎಡ್’ ನಿಯಮಕ್ಕೆ ಬಗ್ಗದ ಕ್ರಿಯಾಪದಗಳ 11,521 ಭೂತಕಾಲ ರೂಪಗಳನ್ನು ಹೆಕ್ಕಿ ಎಣಿಸಿದರು. ತಪ್ಪಿನ ಪ್ರಮಾಣ, ನಡುಮಟ್ಟದಲ್ಲಿ, ಶೇ 2.5 ಮಾತ್ರ. ನಮ್ಮ ಕಿವಿ ‘ಗೋಡ್’ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಸುತ್ತ ಬಂದ ಹತ್ತಾರು ‘ವೆಂಟ್’ಗಳನ್ನು ಬಿಟ್ಟುಬಿಡುತ್ತದೆ. ಅವರ ವಿವರಣೆ ಹೀಗಿದೆ: ಮಗುವಿಗೆ ‘ವೆಂಟ್’ ಗೊತ್ತು, ಆದರೆ ಮಾತಿನ ಓಟದಲ್ಲಿ ಅದು ನೆನಪಿನಿಂದ ಒಮ್ಮೊಮ್ಮೆ ತಕ್ಷಣ ಎದ್ದು ಬರುವುದಿಲ್ಲ. ಬರದೆ ಹೋದ ಗಳಿಗೆಯಲ್ಲಿ ನಿಯಮ ಮುಂದೆ ಬಂದು ಜಾಗ ತುಂಬುತ್ತದೆ. ಹೆಚ್ಚು ಸಲ ಕೇಳಿದ ಪದ ಬೇಗ ಎದ್ದು ಬರುತ್ತದೆ, ಅದರಲ್ಲಿ ತಪ್ಪು ಕಡಿಮೆ. ಅಪರೂಪಕ್ಕೆ ಕೇಳಿದ ಪದದಲ್ಲಿ ತಪ್ಪು ಹೆಚ್ಚು.

ಈ ಕೊನೆಯ ಎರಡು ವಾಕ್ಯಗಳನ್ನು ಮಗುವಿನಿಂದ ಬಿಡಿಸಿ ಇಂಗ್ಲಿಷ್ ಭಾಷೆಯ ಸಾವಿರ ವರ್ಷದ ಮೇಲೆ ಇಟ್ಟು ನೋಡಿದರೆ ಅಲ್ಲೂ ಹಾಗೆಯೇ ಕೂರುತ್ತವೆ.

ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಎರಡು ಬಗೆ. ಒಂದು ಬಗೆಯವು ಒಳಗಿನ ಸ್ವರ ಬದಲಿಸಿ ಭೂತಕಾಲ ಹೇಳುತ್ತಿದ್ದವು, ಈಗಿನ ‘ಸಿಂಗ್–ಸ್ಯಾಂಗ್–ಸಂಗ್’ ಹಾಗೆ. ಇವು ಏಳು ಗುಂಪುಗಳಾಗಿದ್ದವು, ಗುಂಪಿಗೊಂದು ಸ್ವರಗಳ ಸಾಲು. ಇನ್ನೊಂದು ಬಗೆಯವು ಕೊನೆಯಲ್ಲಿ ‘ಡ’ ಅಥವಾ ‘ಟ’ ಸದ್ದು ಸೇರಿಸಿಕೊಳ್ಳುತ್ತಿದ್ದವು, ಈಗಿನ ‘ಎಡ್’ ಅದೇ. ನಮ್ಮ ಕನ್ನಡದಲ್ಲೂ ‘ಮಾಡು–ಮಾಡಿದ’, ‘ಓದು–ಓದಿದ’ ಒಂದು ಕಡೆ, ‘ಕೊಡು–ಕೊಟ್ಟ’, ‘ಬೀಳು–ಬಿದ್ದ’, ‘ನಗು–ನಕ್ಕ’, ‘ತಿನ್ನು–ತಿಂದ’ ಇನ್ನೊಂದು ಕಡೆ ಇವೆಯಲ್ಲ, ಆ ಬಗೆಯ ಸಹಬಾಳ್ವೆ. ‘ಹೆಲ್ಪ್’ ಆಗ ಮೊದಲ ಬಗೆಯದು, ಅದರ ಭೂತಕಾಲ ಮುಂದೆ ‘ಹೋಲ್ಪ್’ ಎಂದು ಬಹಳ ಕಾಲ ಉಳಿಯಿತು. ‘ವಾಕ್’, ‘ಲಾಫ್’, ‘ಬೇಕ್’, ‘ಕ್ಲೈಂಬ್’, ‘ಸ್ಟೆಪ್’, ‘ಚ್ಯೂ’ ಎಲ್ಲವೂ ಸ್ವರ ಬದಲಿಸುತ್ತಿದ್ದ ಪದಗಳು. ಒಂದೊಂದಾಗಿ ‘ಎಡ್’ ಕಡೆಗೆ ಬಂದವು. ಬರುವಾಗ ಕೆಲವು ತಮ್ಮ ಹಳೆಯ ಚಹರೆಯನ್ನು ವಿಶೇಷಣಗಳಲ್ಲಿ ಬಿಟ್ಟುಬಂದಿವೆ: ‘ಮೆಲ್ಟ್’ನ ಭೂತಕಾಲ ಈಗ ‘ಮೆಲ್ಟೆಡ್’, ಆದರೆ ಲಾವಾರಸ ಇನ್ನೂ ‘ಮೋಲ್ಟನ್’. ‘ಶೇವ್ಡ್’ ಬಂದರೂ ‘ಕ್ಲೀನ್ ಶೇವನ್’ ಹೋಗಿಲ್ಲ.

2007ರಲ್ಲಿ ಎರೆಜ್ ಲೀಬರ್ಮನ್ ಮತ್ತು ಸಂಗಡಿಗರು ಇದನ್ನು ಲೆಕ್ಕಕ್ಕೆ ತಂದರು. ಹಳೆಯ ಇಂಗ್ಲಿಷಿನಲ್ಲಿ ‘ಎಡ್’ ನಿಯಮಕ್ಕೆ ಬಗ್ಗದ 177 ಕ್ರಿಯಾಪದಗಳನ್ನು ಆರಿಸಿಕೊಂಡು ಅವುಗಳ ಮುಂದಿನ ಪಾಡು ನೋಡಿದರು. ನಡುಗಾಲದ ಇಂಗ್ಲಿಷಿಗೆ ಬರುವಾಗ 145 ಹಾಗೆಯೇ ಇದ್ದವು, ಇಂದಿಗೆ 98. ಯಾವುದು ಬಗ್ಗಿತು, ಯಾವುದು ಉಳಿಯಿತು ಅನ್ನುವುದು ಬಳಕೆಯ ಪ್ರಮಾಣವನ್ನು ಅನುಸರಿಸಿದೆ. ನೂರು ಪಟ್ಟು ಕಡಿಮೆ ಬಳಕೆಯ ಪದ ಹತ್ತು ಪಟ್ಟು ಬೇಗ ನಿಯಮಕ್ಕೆ ಬರುತ್ತದೆ, ಅಂದರೆ ವರ್ಗಮೂಲದ ಸಂಬಂಧ. ಅತಿ ಹೆಚ್ಚು ಬಳಕೆಯ ಹತ್ತು ಕ್ರಿಯಾಪದಗಳಾದ ಬಿ, ಹ್ಯಾವ್, ಡೂ, ಗೋ, ಸೇ, ಕ್ಯಾನ್, ವಿಲ್, ಸೀ, ಟೇಕ್, ಗೆಟ್ ಒಂದೂ ಬಗ್ಗಿಲ್ಲ. ಅವನ್ನು ಮಗು ದಿನಕ್ಕೆ ಎಷ್ಟು ಸಲ ಕೇಳುತ್ತದೆ ಯೋಚಿಸಿ. ಮರೆಯಲು ಪುರುಸೊತ್ತೇ ಇಲ್ಲ.

ಇನ್ನು ‘ವೆಂಟ್’ನ ಕಥೆ. ಅದು ‘ಗೋ’ಗೆ ಹುಟ್ಟಿದ್ದೇ ಅಲ್ಲ. ‘ವೆಂಡ್’ ಎಂಬ ಬೇರೆ ಕ್ರಿಯಾಪದವಿತ್ತು, ತಿರುಗು, ದಾರಿ ಹಿಡಿ ಎಂಬರ್ಥದ್ದು. ‘ಸೆಂಡ್–ಸೆಂಟ್’, ‘ಬೆಂಡ್–ಬೆಂಟ್’, ‘ಲೆಂಡ್–ಲೆಂಟ್’, ‘ಸ್ಪೆಂಡ್–ಸ್ಪೆಂಟ್’, ಅದೇ ಸಾಲಿನಲ್ಲಿ ‘ವೆಂಡ್–ವೆಂಟ್’. ‘ಗೋ’ಗೆ ಆಗ ‘ಎಓದೆ’ ಎಂಬ ಭೂತಕಾಲವಿತ್ತು. ಅದೂ ಬೇರೆ ಮೂಲದ್ದೇ. ನಡುಗಾಲದಲ್ಲಿ ಅದು ಸವೆದು ‘ಯೇಡ್’ ಆಗಿ, ಕೊನೆಗೆ ಅದರ ಜಾಗಕ್ಕೆ ‘ವೆಂಟ್’ ಬಂದು ಕೂತಿತು. ಸ್ಕಾಟ್ಲೆಂಡಿನ ಕಡೆ ಜನ ಬೇರೆ ದಾರಿ ಹಿಡಿದರು, ಅಲ್ಲಿ ‘ಗೇ’ ಕ್ರಿಯಾಪದಕ್ಕೆ ‘ಗೇಡ್’ ಬಂತು. ಮೂರು ವರ್ಷದ ಮಗು ಇಂದು ‘ಗೋಡ್’ ಅಂದರೆ, ಅಂಥದ್ದೇ ರೂಪವನ್ನು ದೊಡ್ಡವರು ನಿತ್ಯದ ಮಾತಾಗಿ ಆಡಿದ ನಾಡು ಅದೇ ದ್ವೀಪದಲ್ಲಿದೆ.

ಬಹುವಚನದಲ್ಲಿ ಇನ್ನೂ ಚೆಂದದ ಉದಾಹರಣೆ ಸಿಗುತ್ತದೆ. ಹಳೆಯ ಇಂಗ್ಲಿಷಿನ ‘ಚಿಲ್ಡ್’ಗೆ ‘ಚಿಲ್ಡ್ರು’ ಎಂಬ ಬಹುವಚನವಿತ್ತು. ‘ರು’ ಸೇರುವ ಪದಗಳು ಕೈಬೆರಳೆಣಿಕೆಯಷ್ಟಾದಾಗ ಅದು ಬಹುವಚನವೆಂಬುದೇ ಜನರಿಗೆ ಮಸುಕಾಯಿತು. ಆಗ ‘ಆಕ್ಸನ್’ನಲ್ಲಿ ಇಂದಿಗೂ ಉಳಿದಿರುವ ‘ನ್’ ಪ್ರತ್ಯಯವನ್ನು ಅದರ ಮೇಲೆ ಹಾಕಿದರು: ‘ಚಿಲ್ಡ್ರನ್’. ಎರಡು ಸಲ ಬಹುವಚನವಾದ ಈ ಪದಕ್ಕೆ ಇಂದಿನ ಮಗು ‘ಸ್’ ಸೇರಿಸಿ ‘ಚಿಲ್ಡ್ರನ್ಸ್’ ಅಂದರೆ ಮೂರನೆಯ ಪದರ ಹಾಕಿದ ಹಾಗೆ. ಕನ್ನಡದ ‘ಮಕ್ಕಳು’ ಇದಕ್ಕೆ ಸರಿಸಾಟಿ. ‘ಮಗ’ದ ಮೇಲೆ ‘ಕಳ್’ ಸೇರಿ ‘ಮಕ್ಕಳ್’ ಆದದ್ದು, ಆ ‘ಕಳ್’ ಈಗ ಯಾರ ಕಣ್ಣಿಗೂ ಕಾಣದೆ ‘ಮಕ್ಕಳುಗಳು’ ಅನ್ನುವವರಿದ್ದಾರೆ. ‘ನಾವುಗಳು’, ‘ಅವರುಗಳು’ ಅಂತೂ ಭಾಷಣಗಳಲ್ಲಿ ನೆಲೆಯೂರಿವೆ.

ಹಾಗಾದರೆ ಭಾಷೆಯನ್ನು ಬದಲಿಸಿದ್ದು ಈ ಪುಟ್ಟ ಮಕ್ಕಳೇ? ಇಲ್ಲ ಅನ್ನುವ ಕಡೆಗೇ ನನ್ನ ಒಲವು. 1982ರಲ್ಲಿ ಜೋನ್ ಬೈಬೀ ಮತ್ತು ಡ್ಯಾನ್ ಸ್ಲೋಬಿನ್ ಶಾಲೆಗೆ ಹೋಗುವ ಮುಂಚಿನ ಮಕ್ಕಳ, ಎಂಟೊಂಬತ್ತು ವರ್ಷದವರ ಮತ್ತು ದೊಡ್ಡವರ ರೂಪಗಳನ್ನು ಹೋಲಿಸಿ, ತೀರಾ ಚಿಕ್ಕ ಮಕ್ಕಳು ತಾವಾಗಿಯೇ ಭಾಷೆಯನ್ನು ಬದಲಿಸಲಾರರು ಎಂಬ ತೀರ್ಮಾನಕ್ಕೆ ಬಂದರು. ಮೂರು ವರ್ಷದ ಮಗುವಿನ ‘ಗೋಡ್’ ಎಂಟು ವರ್ಷಕ್ಕೆ ಉಳಿದಿರುವುದಿಲ್ಲ, ‘ವೆಂಟ್’ ಕಿವಿಗೆ ಬಡಿಯುತ್ತಲೇ ಇರುತ್ತದೆ. ಉಳಿಯುವುದು ದೊಡ್ಡವರ ಬಾಯಲ್ಲೇ ಅಲುಗಾಡುತ್ತಿರುವ ರೂಪಗಳು. ‘ಹೋಲ್ಪ್’ ಸತ್ತದ್ದು ಮಕ್ಕಳು ಕೆಡಿಸಿದ್ದರಿಂದ ಅಂತ ಹೇಳಲಾಗದು, ಅದನ್ನು ಸಾಕಷ್ಟು ಸಲ ಕೇಳಿಸಿಕೊಳ್ಳದೆ ಒಂದು ತಲೆಮಾರು ಬೆಳೆಯಿತು.

ಎದುರು ದಿಕ್ಕಿನ ಓಡಾಟವೂ ಇದೆ, ಇದನ್ನು ಶಾಲೆಯ ವ್ಯಾಕರಣ ಹೇಳುವುದೇ ಇಲ್ಲ. ‘ವೇರ್’ ಹಿಂದೆ ‘ಎಡ್’ ಬಗೆಯದಾಗಿತ್ತು, ‘ಬೇರ್–ಬೋರ್’ ನೋಡಿ ‘ವೋರ್’ ಆಯಿತು. ‘ರಿಂಗ್’ ಕೂಡ ‘ಸಿಂಗ್’ ಸಹವಾಸದಿಂದ ‘ರ್‍ಯಾಂಗ್’ ಪಡೆಯಿತು. ‘ಡಿಗ್’ಗೆ ಹಿಂದೆ ‘ಡಿಗ್ಡ್’ ಇತ್ತು, ‘ಡಗ್’ ಆಮೇಲೆ ಬಂದದ್ದು. ‘ಕ್ಯಾಚ್’ ನಾರ್ಮನ್ ಫ್ರೆಂಚಿನಿಂದ ಬಂದ ಪದ, ಆದರೂ ‘ಕಾಟ್’ ಎಂಬ ಅಪ್ಪಟ ಇಂಗ್ಲಿಷ್ ವೇಷ ತೊಟ್ಟಿದೆ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ‘ಸ್ನೀಕ್ಡ್’ ಪಕ್ಕದಲ್ಲಿ ‘ಸ್ನಕ್’ ಹುಟ್ಟಿಕೊಂಡಿತು. ಬರ್ಕೊ ಪರೀಕ್ಷೆಯಲ್ಲಿ ‘ಗ್ಲ್ಯಾಂಗ್’ ಅಂದ ದೊಡ್ಡವರು ಮಾಡಿದ್ದು ಇದನ್ನೇ.

ದೊಡ್ಡವರ ಪಾಲು ಇನ್ನೊಂದು ಕಡೆ ಬಹಳ ದೊಡ್ಡದು. ಹಳೆಯ ಇಂಗ್ಲಿಷಿನ ‘ಕಲ್ಲು’ ಪದ ‘ಸ್ಟಾನ್’. ಕಲ್ಲಿನ ಅಂದರೆ ‘ಸ್ಟಾನೆಸ್’, ಕಲ್ಲಿಗೆ ಅಂದರೆ ‘ಸ್ಟಾನೆ’, ಕಲ್ಲುಗಳು ‘ಸ್ಟಾನಾಸ್’, ಕಲ್ಲುಗಳ ‘ಸ್ಟಾನಾ’, ಕಲ್ಲುಗಳಿಗೆ ‘ಸ್ಟಾನುಮ್’. ಮೂರು ಲಿಂಗ ಬೇರೆ, ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ ಸಾಲು. ಇಷ್ಟರಲ್ಲಿ ಇಂದು ಉಳಿದಿರುವುದು ಒಂದು ‘ಸ್’ ಮಾತ್ರ. ಉಳಿದವು ಎಲ್ಲಿ ಹೋದವು? 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿ ಮಾಡಿದ ವೈಕಿಂಗರ ನಾಡಿನವರು ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ಬಂದು ನೆಲೆಸಿದರು. ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ, ಈ ‘ಬಿ’ ಊರುಗಳೆಲ್ಲ ಅವರವು. ಇಂಗ್ಲಿಷರ ‘ದಿನ’ ಹೆಚ್ಚುಕಡಿಮೆ ‘ಡ್ಯಾಯ್’, ಅವರದ್ದು ‘ದಗ್ರ್’. ಬೇರು ಒಂದೇ, ಬಾಲ ಬೇರೆ. ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಮದುವೆಯಾದ ಮನೆಯಲ್ಲಿ ಮಾತು ನಡೆಯಬೇಕಾದಾಗ ಬೇರನ್ನು ಇಟ್ಟುಕೊಂಡು ಬಾಲವನ್ನು ಬಿಟ್ಟರು ಅನ್ನುವುದು ಬಹಳ ಭಾಷಾಶಾಸ್ತ್ರಜ್ಞರ ವಿವರಣೆ. ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಅಷ್ಟರಲ್ಲೇ ಮಸುಕಾಗಿದ್ದವು, ಅದೂ ಸೇರಿತು. ‘ದೇ’, ‘ದೆಮ್’, ‘ದೇರ್’ ಸರ್ವನಾಮಗಳೇ ಆ ವಲಸಿಗರಿಂದ ಬಂದವೆಂದ ಮೇಲೆ ಬೆರಕೆ ಎಷ್ಟು ಗಾಢವಾಗಿತ್ತು ಊಹಿಸಬಹುದು.

ಪುಟ್ಟ ಮಗುವಿಗೆ ವಿಭಕ್ತಿಯ ಕಾಟ ಕಾಟವೇ ಅಲ್ಲ. ಕನ್ನಡದ ಮಗು ‘ಅಮ್ಮಂಗೆ’, ‘ಮನೇಲಿ’, ‘ಅಪ್ಪನ್ನ’ ಎಲ್ಲವನ್ನೂ ಆಟವಾಡುತ್ತಲೇ ಹಿಡಿಯುತ್ತದೆ. ಬೆಳೆದ ಮೇಲೆ ಕನ್ನಡ ಕಲಿಯಲು ಹೊರಟವರು ಎಡವುವುದು ಮೊದಲು ಅಲ್ಲಿಯೇ. ಕಿವಿಯ ವಿಷಯದಲ್ಲೂ ಇದೇ ಅಂತರ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ ಬೇರೆ ಎಂದು ಗುರುತಿಸಿದವು. ಹತ್ತು ಹನ್ನೆರಡು ತಿಂಗಳಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಸುತ್ತ ಕೇಳದ ವ್ಯತ್ಯಾಸವನ್ನು ಕೂಸಿನ ಕಿವಿ ಹೊರೆಯೆಂದು ಇಳಿಸುತ್ತದೆ.

ತಿದ್ದಿದರೆ ಮಗು ತಿದ್ದಿಕೊಳ್ಳುತ್ತದೆಯೇ? ಇದಕ್ಕೆ 1966ರಲ್ಲಿ ಡೇವಿಡ್ ಮೆಕ್ನೀಲ್ ದಾಖಲಿಸಿದ ಸಂಭಾಷಣೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮಗು ‘ನೋಬಡಿ ಡೋಂಟ್ ಲೈಕ್ ಮಿ’ ಅನ್ನುತ್ತದೆ. ತಾಯಿ ‘ಹಾಗಲ್ಲ, ನೋಬಡಿ ಲೈಕ್ಸ್ ಮಿ ಅನ್ನು’ ಅನ್ನುತ್ತಾಳೆ. ಮಗು ಮತ್ತೆ ‘ನೋಬಡಿ ಡೋಂಟ್ ಲೈಕ್ ಮಿ’. ಇದು ಎಂಟು ಸಲ ನಡೆಯುತ್ತದೆ. ಕೊನೆಗೆ ತಾಯಿ ‘ಸರಿಯಾಗಿ ಕೇಳಿಸಿಕೋ’ ಅಂತ ಇನ್ನೊಮ್ಮೆ ಹೇಳಿಕೊಟ್ಟಾಗ ಮಗು, ‘ಓ! ನೋಬಡಿ ಡೋಂಟ್ ಲೈಕ್ಸ್ ಮಿ’! ಒಂಬತ್ತು ಸಲ ಹೇಳಿದ್ದರಿಂದ ಸಿಕ್ಕಿದ್ದು ಒಂದು ‘ಸ್’, ಅದೂ ತಪ್ಪು ಜಾಗದಲ್ಲಿ. ಇನ್ನೂ ನೋವಿನ ಸಂಗತಿ, ತನ್ನನ್ನು ಯಾರೂ ಇಷ್ಟಪಡುವುದಿಲ್ಲ ಎಂದು ಮಗು ಹೇಳುತ್ತಿರುವುದು ವ್ಯಾಕರಣದ ಗಲಾಟೆಯಲ್ಲಿ ಮುಳುಗಿಹೋಯಿತು.

ಆ ಮಗುವಿನ ಎರಡು ನಿಷೇಧ ತಪ್ಪು ಅಂತ ಯಾವಾಗಿನಿಂದ ಆಯಿತು? ಹಳೆಯ ಇಂಗ್ಲಿಷಿನಲ್ಲೂ ನಡುಗಾಲದ ಇಂಗ್ಲಿಷಿನಲ್ಲೂ ಒಂದು ವಾಕ್ಯದಲ್ಲಿ ಎರಡು ಮೂರು ‘ಇಲ್ಲ’ಗಳು ಬರುವುದು ಸಹಜ ಕ್ರಮವಾಗಿತ್ತು, ಒಂದನ್ನೊಂದು ಬಲಪಡಿಸುತ್ತಿದ್ದವು. ಎರಡು ಇಲ್ಲಗಳು ಸೇರಿದರೆ ಹೌದು ಎಂಬ ಗಣಿತವನ್ನು 18ನೇ ಶತಮಾನದ ವ್ಯಾಕರಣಕಾರರು ಭಾಷೆಗೆ ಗಟ್ಟಿಯಾಗಿ ಹೇರಿದರು. ಇಂದಿಗೂ ಇಂಗ್ಲಿಷಿನ ಎಷ್ಟೋ ಉಪಭಾಷೆಗಳಲ್ಲಿ ಹಳೆಯ ಕ್ರಮವೇ ಜೀವಂತವಾಗಿದೆ.

ಪದ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯೂ ಕೂಸಿಗೂ ಚರಿತ್ರೆಗೂ ಸಮಾನ. ಮಾತಿನಲ್ಲಿ ಪದಗಳ ನಡುವೆ ಖಾಲಿ ಜಾಗ ಇರುವುದಿಲ್ಲ. ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಉಚ್ಚಾರಾಂಶಗಳ ಎಡೆಬಿಡದ ಸಾಲನ್ನು ಬರೀ ಎರಡು ನಿಮಿಷ ಕೇಳಿಸಿದರೂ, ಯಾವುದರ ಹಿಂದೆ ಯಾವುದು ಮತ್ತೆ ಮತ್ತೆ ಬರುತ್ತದೆ ಎಂಬುದರಿಂದ ‘ಪದ’ಗಳನ್ನು ಬಿಡಿಸಿಕೊಳ್ಳುತ್ತವೆ ಎಂದು 1996ರಲ್ಲಿ ಜೆನ್ನಿ ಸ್ಯಾಫ್ರನ್ ತಂಡ ತೋರಿಸಿತು. ಇಂಗ್ಲಿಷ್ ಆಡುವ ಜನ ಇದೇ ಲೆಕ್ಕದಲ್ಲಿ ಆಗಾಗ ತಪ್ಪಿದ್ದಾರೆ. ‘ಎ ನೇಪ್ರನ್’ ಅನ್ನುವುದು ‘ಆನ್ ಏಪ್ರನ್’ ಆಯಿತು, ‘ಎ ನ್ಯಾಡರ್’ ಎಂಬ ಹಾವು ‘ಆನ್ ಆ್ಯಡರ್’ ಆಯಿತು. ‘ಆನ್ ಈಕ್‌ನೇಮ್’ನಿಂದ ‘ಎ ನಿಕ್‌ನೇಮ್’. ‘ಪೀಸ್’ ಎಂಬ ಬಟಾಣಿಯ ಏಕವಚನವನ್ನೇ ಬಹುವಚನವೆಂದು ತಿಳಿದು ‘ಪೀ’ ಮಾಡಿಕೊಂಡರು.

ಈಗ ನಮ್ಮ ಮನೆಗಳ ವಿಷಯ. ಮೊದಲು ಉಚ್ಚಾರ, ಏಕೆಂದರೆ ಇದು ನಾವು ಪುಸ್ತಕದಿಂದ ಕಲಿತ ಕಾರಣಕ್ಕೇ ಆಗುವ ತೊಡಕು. ‘ಎಡ್’ಗೆ ಮೂರು ಸದ್ದುಗಳಿವೆ. ಕ, ಪ, ಸ, ಶ, ಚ, ಫ ಸದ್ದಿನ ಬಳಿಕ ‘ಟ್’: ವಾಕ್ಟ್, ವಾಷ್ಟ್, ಲಾಫ್ಟ್. ಸ್ವರ, ಗ, ಬ, ಲ, ನ ಮುಂತಾದವುಗಳ ಬಳಿಕ ‘ಡ್’: ಪ್ಲೇಡ್, ಕಾಲ್ಡ್. ಟ, ಡ ಬಳಿಕ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಅಕ್ಷರ ನೋಡಿ ಕಲಿತ ನಾವು ‘ವಾಕೆಡ್’, ‘ಆಸ್ಕೆಡ್’ ಅನ್ನುತ್ತೇವೆ. ಕಾಗುಣಿತ ಹಳೆಯದು, ನಾಲಿಗೆ ಮುಂದೆ ಹೋಗಿದೆ. ನಡುಗಾಲದಲ್ಲಿ ‘ಎಡ್’ ಬಿಡಿ ಉಚ್ಚಾರಾಂಶವೇ ಆಗಿತ್ತು, ಅದರ ಸ್ವರ ನುಂಗಿಹೋಗುತ್ತಿರುವುದನ್ನು ಕಂಡು 1712ರಲ್ಲಿ ಜೊನಾಥನ್ ಸ್ವಿಫ್ಟ್ ಬೇಸರಪಟ್ಟು ಬರೆದಿದ್ದಾರೆ.

ಎರಡನೆಯದು ‘ಗೋ–ವೆಂಟ್–ಗಾನ್’ ಬಾಯಿಪಾಠ. ಅಕಾರಾದಿಯಾಗಿ ನೂರು ಕ್ರಿಯಾಪದ ಉರುಹೊಡೆದ ಮಗು ಪರೀಕ್ಷೆಯಲ್ಲಿ ಸರಿ ಬರೆದು ಮಾತಿನಲ್ಲಿ ‘ಬ್ರಿಂಗ್ಡ್’ ಅನ್ನುವುದುಂಟು. ಪಟ್ಟಿಯ ನೆನಪು ಪಟ್ಟಿಯ ಕ್ರಮದಲ್ಲಿ ಎದ್ದು ಬರುತ್ತದೆ, ವಾಕ್ಯದ ನಡುವೆ ಬೇಕಾದಾಗ ಸಿಗುವುದಿಲ್ಲ. ಕಲಿಸಲೇಬೇಕಾದರೆ ಮನೆತನಗಳಾಗಿ ಕಲಿಸುವುದು ಮೇಲು: ಸಿಂಗ್, ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಒಂದು ಮನೆ; ಡ್ರೈವ್, ರೈಡ್, ರೈಟ್, ರೈಸ್ ಇನ್ನೊಂದು; ಸೆಂಡ್, ಲೆಂಡ್, ಸ್ಪೆಂಡ್; ಬದಲಾಗದ ಕಟ್, ಪುಟ್, ಹಿಟ್, ಶಟ್. ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ವೀಪ್–ವೆಪ್ಟ್ ಮನೆಗೆ ಒಳ್ಳೆಯ ಕಾರಣವೂ ಇದೆ. ಎರಡು ವ್ಯಂಜನ ಒಟ್ಟಿಗೆ ಬಂದಾಗ ಹಿಂದಿನ ದೀರ್ಘ ‘ಏ’ ಹ್ರಸ್ವ ‘ಎ’ ಆಯಿತು. ಆಮೇಲೆ, ಸುಮಾರು 1400ರಿಂದ 1700ರವರೆಗೆ, ದೀರ್ಘ ಸ್ವರಗಳೆಲ್ಲ ಬಾಯಲ್ಲಿ ಮೇಲಕ್ಕೆ ಸರಿದು ‘ಕೇಪ್’ ಎಂಬಂತಿದ್ದದ್ದು ‘ಕೀಪ್’ ಆಯಿತು. ಹ್ರಸ್ವವಾಗಿದ್ದ ‘ಕೆಪ್ಟ್’ ಅಲ್ಲೇ ಉಳಿಯಿತು.

ಮೂರನೆಯದು ತಿದ್ದುವ ರೀತಿ. ಮಗು ‘ಐ ಈಟೆಡ್ ಇಟ್’ ಅಂದರೆ ಅದರ ವಿಷಯಕ್ಕೇ ಉತ್ತರ ಕೊಡಿ, ಸರಿಯಾದ ರೂಪ ಉತ್ತರದೊಳಗೇ ಬರಲಿ: ‘ಓ, ಯೂ ಏಟ್ ಇಟ್! ಅಜ್ಜಿ ಏಟ್ ಒನ್ ಟೂ.’ ಮಗುವಿನಿಂದ ಮರಳಿ ಹೇಳಿಸುವುದು ಬೇಡ. ಪ್ರಶ್ನೆ ಕೇಳುವಾಗ ‘ಡಿಡ್ ಯೂ ಈಟ್’ ಎಂದು ಬಂದು ‘ಏಟ್’ ಕಿವಿಗೆ ಬೀಳುವುದಿಲ್ಲ, ಹಾಗಾಗಿ ಹೇಳಿಕೆಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ‘ಐ ಡಿಡಂಟ್ ವೆಂಟ್’ ಅಂದರೆ ಗಾಬರಿ ಬೇಡ, ಭೂತಕಾಲವನ್ನು ಎಲ್ಲಿ ಗುರುತಿಸಬೇಕೆಂದು ತಿಳಿಯದೆ ಮಗು ಎರಡೂ ಕಡೆ ಗುರುತು ಹಾಕಿದೆ. ಇಂಗ್ಲಿಷ್ ಸಲೀಸಾಗಿ ಬಾರದ ಮನೆಯಲ್ಲಿ ಕನ್ನಡ ಬಿಟ್ಟು ಬಲವಂತದ ಇಂಗ್ಲಿಷ್ ಆಡುವುದಂತೂ ಮಗುವಿಗೆ ಎರಡು ಕಡೆ ನಷ್ಟ. ಅದಕ್ಕೆ ಕೇಳಲು ಸಿಗುವ ಇಂಗ್ಲಿಷ್ ತೆಳ್ಳಗೆ, ಕನ್ನಡವೂ ತೆಳ್ಳಗೆ. ಅಪರೂಪದ ರೂಪಗಳು ಉಳಿಯುವುದು ಸಮೃದ್ಧವಾಗಿ ಕೇಳಿದಾಗ ಮಾತ್ರ, ಅದು ‘ಹೋಲ್ಪ್’ ಇರಲಿ, ನಮ್ಮ ‘ಹೊರು–ಹೊತ್ತ’, ‘ಕೀಳು–ಕಿತ್ತ’ ಇರಲಿ.

ಹೊಸದಾಗಿ ಬರುವ ಪದಗಳೆಲ್ಲ ಎರಡೂ ಭಾಷೆಗಳಲ್ಲಿ ಸುಲಭದ ಬಾಗಿಲಿನಿಂದಲೇ ಬರುತ್ತಿವೆ. ಇಂಗ್ಲಿಷಿನಲ್ಲಿ ‘ಗೂಗಲ್ಡ್’, ‘ಟೆಕ್ಸ್ಟೆಡ್’. ಕನ್ನಡದಲ್ಲಿ ‘ಕಾಲ್ ಮಾಡಿದೆ’, ‘ಪಾರ್ಕ್ ಮಾಡಿದ’. ಇತ್ತ ಹಳೆಯ ಮನೆತನಗಳು ಕರಗುತ್ತಲೇ ಇವೆ. ಲೀಬರ್ಮನ್ ತಂಡದ ಲೆಕ್ಕದಲ್ಲಿ ಮುಂದಿನ ಸರದಿ ಬಹುಶಃ ಮದುವೆಯಾಗು ಎಂಬರ್ಥದ ‘ವೆಡ್’ನದ್ದು. ಅದರ ಭೂತಕಾಲ ‘ವೆಡ್’ ಜಾಗಕ್ಕೆ ‘ವೆಡೆಡ್’ ಆಗಲೇ ಬಂದು ನಿಂತಿದೆ. ‘ಮೋಲ್ಟನ್’ ಲಾವಾಕ್ಕೆ ಅಂಟಿಕೊಂಡು ಉಳಿದ ಹಾಗೆ ಅದೂ ‘ನ್ಯೂಲಿವೆಡ್ಸ್’ ಒಳಗೆ ಉಳಿದೀತು.